ನವೀನ್ ಜಾನ್

ನವೀನ್ ಥಾಮಸ್ ಜಾನ್ (ಜನನ 1986) ಬೆಂಗಳೂರನ್ನು ನೆಲೆಯಾಗಿಸಿಕೊಂಡು ಬೆಳೆದ ರಸ್ತೆ ಸೈಕ್ಲಿಂಗ್ ಸ್ಪರ್ಧಿ. ವೈಯಕ್ತಿಕ ಟೈಮ್ ಟ್ರಯಲ್‌ನಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್.

ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ಮೊದಲು ನೆನಪಾಗುವುದು ವಿಜಯಪುರ, ಬಾಗಲಕೋಟೆ. ಅಲ್ಲಿನ ಕ್ರೀಡಾ ವಸತಿ ನಿಲಯಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲೇ ರೇಸಿಂಗ್ ಸೈಕಲ್ ಹತ್ತುತ್ತಾರೆ. ನವೀನ್ ಬಂದದ್ದು ಈ ದಾರಿಯಲ್ಲಿ ಅಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವಾಗ ಅವರಿಗೆ ರೇಸಿನ ರುಚಿ ಹತ್ತಿತು. ಭಾರತಕ್ಕೆ ಮರಳಿದ ಮೇಲೆ ಬೆಂಗಳೂರಿನ ಹವ್ಯಾಸಿ ರೇಸುಗಳು, ನಂದಿಬೆಟ್ಟದ ಏರು ಅವರನ್ನು ಪಳಗಿಸಿದವು.

ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿ ಒಬ್ಬನೇ ಓಡಬೇಕು. ಮುಂದಿನವನ ಬೆನ್ನಿಗೆ ಮರೆಯಾಗುವಂತಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಿನಲ್ಲಿ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಸೀಳಲು ಕಾಲಿಗೆ ಬೇಕಾದ ಶಕ್ತಿ ಎಂಟು ಪಟ್ಟು. ಆದ್ದರಿಂದ ಬೆನ್ನು ಬಾಗಿಸಿ, ಮೊಣಕೈ ಒಳಗೆಳೆದು ಮೈಯನ್ನು ಕಿರಿದಾಗಿಸುವುದೇ ಇಲ್ಲಿ ಅರ್ಧ ವಿದ್ಯೆ. ಎಂಜಿನಿಯರಿಗೆ ಒಗ್ಗುವ ಆಟ ಇದು.

ಭಾರತದಲ್ಲಿ ವರ್ಷಕ್ಕೆ ಸಿಗುವ ದೊಡ್ಡ ರೇಸುಗಳು ಬೆರಳೆಣಿಕೆಯವು. ಅದಕ್ಕಾಗಿ ನವೀನ್ ಬೆಲ್ಜಿಯಂಗೆ ಹೋಗಿ ಅಲ್ಲಿನ ‘ಕರ್ಮೆಸ್’ ರೇಸುಗಳಲ್ಲಿ ಓಡಿದರು. ಕರ್ಮೆಸ್ ಎಂದರೆ ಊರ ಜಾತ್ರೆ. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸೈಕಲ್ ಪಂದ್ಯ ಇಡುವಂತೆ ಅಲ್ಲಿಯೂ ಊರೊಳಗಿನ ರಸ್ತೆಗಳನ್ನೇ ಸುತ್ತಿ ಸುತ್ತಿ ರೇಸು ನಡೆಯುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಗುಂಪಿನ ನಡುವೆ ಜಾಗ ಹಿಡಿಯುವುದನ್ನು ಕಲಿಸಲು ಇದಕ್ಕಿಂತ ಕಠಿಣ ಶಾಲೆಯಿಲ್ಲ.

2016ರ ಅಕ್ಟೋಬರಿನಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ಗೆ ನವೀನ್ ಮತ್ತು ಅರವಿಂದ್ ಪನ್ವರ್ ಭಾರತದಿಂದ ಇಳಿದರು. ದೂರ 40 ಕಿಲೋಮೀಟರ್, ಹೆಚ್ಚುಕಡಿಮೆ ಕೊಪ್ಪಳದಿಂದ ಗಂಗಾವತಿಗೆ ಹೋದಷ್ಟು. ಗೆದ್ದ ಜರ್ಮನಿಯ ಟೋನಿ ಮಾರ್ಟಿನ್ ಅದನ್ನು 44 ನಿಮಿಷ 42 ಸೆಕೆಂಡಿನಲ್ಲಿ, ಅಂದರೆ ಗಂಟೆಗೆ 53 ಕಿಲೋಮೀಟರಿಗೂ ಮೀರಿದ ಸರಾಸರಿಯಲ್ಲಿ ಮುಗಿಸಿದರು. ನವೀನ್ ಪದಕದ ಹತ್ತಿರ ಇರಲಿಲ್ಲ. ಆದರೂ ಆ ಕಣಕ್ಕೆ ಇಳಿದದ್ದೇ ಭಾರತದ ರಸ್ತೆ ಸೈಕ್ಲಿಂಗ್‌ಗೆ ದೊಡ್ಡ ಹೆಜ್ಜೆ.

2017ರಲ್ಲಿ ಆಸ್ಟ್ರೇಲಿಯಾದ ಸ್ಟೇಟ್ ಆಫ್ ಮ್ಯಾಟರ್ ಮಾಪ್ ತಂಡ ಅವರನ್ನು ಸೇರಿಸಿಕೊಂಡಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಕಾಂಟಿನೆಂಟಲ್ ದರ್ಜೆಯ ತಂಡಕ್ಕೆ ಓಡಿದ ಮೊದಲ ಭಾರತೀಯ ಎಂಬ ಹೆಸರು ಹೀಗೆ ಅವರದಾಯಿತು. ವೃತ್ತಿಪರ ಏಣಿಯಲ್ಲಿ ಇದು ಮೂರನೆಯ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು; ಮೇಲಿನ ಎರಡು ದರ್ಜೆಗಳಿಗಿರುವ ಕನಿಷ್ಠ ಸಂಬಳದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ.