ಗೋಡೆ ಮೇಲೆ ಗೀಚಿದ ಮೈಸೂರಿನ ಹುಡುಗ

(1/4)
ಹೋದ ಭಾನುವಾರ ನಮ್ಮ ಅಕ್ಕನ ಮಗ, ಐದು ವರ್ಷದವನು, ಹಾಲ್ ಗೋಡೆ ಮೇಲೆ ಕ್ರೇಯಾನ್‌ನಲ್ಲಿ ದೊಡ್ಡದೊಂದು ಜೆಸಿಬಿ ಬಿಡಿಸಿದ. ಸೂಪರ್ ಆಗಿತ್ತು! ಆದ್ರೆ ಬಾಡಿಗೆ ಮನೆ. ಬಿಡುವಾಗ ಪೇಂಟಿಂಗ್ ದುಡ್ಡು ಅಡ್ವಾನ್ಸ್‌ನಲ್ಲಿ ಕಟ್ ಆಗುತ್ತೆ ಅಂತ ಭಾವ ಕ್ರೇಯಾನ್ ಡಬ್ಬಿ ಎತ್ತಿ ಬೀರು ಮೇಲಿಟ್ರು. ಬಿಕಾಂ ಓದ್ತಿರೋ ನಾನೂ ‘ಲೆಕ್ಕ ಸರಿಯಾಗಿದೆ’ ಅಂದೆ. ಆಮೇಲೆ ಆರ್.ಕೆ. ಲಕ್ಷ್ಮಣ್ ಅವರ ಬಾಲ್ಯ ನೆನಪಾಯ್ತು. ಲೆಕ್ಕದಲ್ಲಿ ಏನೋ ಬಿಟ್ಟಿದ್ದೀನಿ ಅನ್ನಿಸ್ತು.

(2/4)
ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ನಮ್ಮ ಮೈಸೂರಿನಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ತಂದೆ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ್ ಮನೆ ಅಂದ್ರೆ ನಮ್ಮ ಕಣ್ಮುಂದೆ ಬರೋದು ಬೆತ್ತ. ಆದ್ರೆ ಆ ಮನೆಯ ನೆಲ, ಗೋಡೆ, ಬಾಗಿಲು ಎಲ್ಲಾ ಕಡೆ ಈ ಹುಡುಗನ ಚಿತ್ರ! ಮನೆಯಲ್ಲಿ ‘ಪಂಚ್’, ‘ಸ್ಟ್ರ್ಯಾಂಡ್’ ತರದ ಇಂಗ್ಲಿಷ್ ಪತ್ರಿಕೆಗಳಿದ್ವು. ಓದೋಕೆ ಬರೋ ಮೊದಲೇ ಅವುಗಳ ಚಿತ್ರ ನೋಡ್ತಾ ಕೂರ್ತಿದ್ರು. ಶಾಲೆಯಲ್ಲಿ ಅರಳಿ ಎಲೆ ಬಿಡಿಸಿದಾಗ ಮೇಷ್ಟ್ರು ಹೊಗಳಿದ್ರು. ಆವತ್ತಿಂದ ತಾನು ಕಲಾವಿದ ಅಂತಲೇ ಅಂದುಕೊಂಡ್ರು.

ಒಂದು ಮಜಾ ವಿಷ್ಯ: ಇವರಿಗೆ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅಂದ್ರೆ ಪ್ರಾಣ. ಆದ್ರೆ ‘ಲೋ’ ಅನ್ನೋ ಸಹಿಯನ್ನ ಎಷ್ಟೋ ಕಾಲ ‘ಕೌ’ ಅಂತ ಓದ್ತಿದ್ರು 😄

(3/4)
ಕಥೆ ಸಲೀಸಾಗಿರಲಿಲ್ಲ. ತಂದೆಗೆ ಪಾರ್ಶ್ವವಾಯು ಹೊಡೀತು, ಸುಮಾರು ಒಂದು ವರ್ಷದಲ್ಲಿ ತೀರಿಕೊಂಡ್ರು. ಮನೆಯ ಭಾರವನ್ನ ದೊಡ್ಡವರು ಹೊತ್ತರು, ಲಕ್ಷ್ಮಣ್ ಓದು ನಿಲ್ಲಲಿಲ್ಲ. ಹೈಸ್ಕೂಲ್ ಮುಗಿಸಿ ಬಾಂಬೆಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದ್ರು. ಬೇಕಾದಷ್ಟು ಪ್ರತಿಭೆ ಇಲ್ಲ ಅಂತ ಸೀಟ್ ಕೊಡಲಿಲ್ಲ!

ಮೈಸೂರಲ್ಲೇ ಬಿಎ ಸೇರಿದ್ರು, ಆದ್ರೆ ಕುಂಚ ಬಿಡಲಿಲ್ಲ. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ‘ದಿ ಹಿಂದೂ’ನಲ್ಲಿ ಚಿತ್ರ ಬರೆದ್ರು. ರಾಶಿ ಅವರು 1942ರಲ್ಲಿ ಶುರು ಮಾಡಿದ ಕನ್ನಡದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೂ ಬರೆದ್ರು. ಮುಂದೆ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದ್ರು. ಚೌಕಳಿ ಕೋಟಿನ ಆ ‘ಕಾಮನ್ ಮ್ಯಾನ್’ ದಶಕಗಳ ಕಾಲ ದೇಶವನ್ನೇ ನಗಿಸಿದ. 2005ರಲ್ಲಿ ಪದ್ಮವಿಭೂಷಣ ಬಂತು.

(4/4)
ಈ ಕಥೇನ ನಾವು ‘ರಿಜೆಕ್ಟ್ ಆದವನು ಗೆದ್ದ’ ಅಂತ ರೀಲ್ಸ್ ಮಾಡಿಬಿಡ್ತೀವಿ. ನಂಗೆ ಅದಕ್ಕಿಂತ ಮುಂಚಿನ ಭಾಗವೇ ದೊಡ್ಡದು ಅನ್ಸುತ್ತೆ. ಕಾಲೇಜು ‘ಇಲ್ಲ’ ಅನ್ನೋ ಹೊತ್ತಿಗೆ ಆ ಹುಡುಗ ಹತ್ತಾರು ವರ್ಷ ಚಿತ್ರ ಬಿಡಿಸಿ ಆಗಿತ್ತು. ಮನೆಯವರು ಕೊಟ್ಟಿದ್ದು ದುಬಾರಿ ಕೋಚಿಂಗ್ ಅಲ್ಲ. ಗೀಚೋಕೆ ಜಾಗ, ನೋಡೋಕೆ ಪತ್ರಿಕೆ, ಆಮೇಲೆ ಅಣ್ಣನ ಕಥೆಗಳು. ಗೀಚಿದ ಮಕ್ಕಳೆಲ್ಲ ಲಕ್ಷ್ಮಣ್ ಆಗಲ್ಲ, ಆಗಬೇಕಂತಲೂ ಇಲ್ಲ. ಆದ್ರೆ ಡಬ್ಬಿ ಬೀರು ಮೇಲಿದ್ರೆ ಆ ಮಗುವಿಗೆ ಏನು ಇಷ್ಟ ಅಂತ ನಮಗೆ ಗೊತ್ತಾಗೋದಾದ್ರೂ ಹೇಗೆ?

ಭಾವನ ತಪ್ಪಲ್ಲ, ಅಡ್ವಾನ್ಸ್ ದುಡ್ಡು ಸುಮ್ನೆ ಬರಲ್ಲ. ಅದಕ್ಕೇ ನಿನ್ನೆ ಒಂದು ಡಬ್ಬಿ ಬಣ್ಣದ ಸೀಮೆಸುಣ್ಣ ತಗೊಂಡು ಹೋಗಿ ಅವನನ್ನ ಟೆರೇಸ್‌ಗೆ ಕರ್ಕೊಂಡು ಹೋದೆ. ಭಾವನೂ ಮೇಲೆ ಬಂದ್ರು. ಈಗ ಜೆಸಿಬಿಗೆ ಡ್ರೈವರ್ ಇದ್ದಾನೆ. ಮೀಸೆ ನೋಡಿದ್ರೆ ಭಾವನ ಥರಾನೇ 🚜

ಚಿಕ್ಕವರಿದ್ದಾಗ ನೀವು ಗೋಡೆ ಮೇಲೆ ಏನು ಗೀಚಿದ್ರಿ? ಕಮೆಂಟ್ ಮಾಡಿ. ಹೊಸದಾಗಿ ಅಪ್ಪ ಅಮ್ಮ ಆಗಿರೋ ಅಕ್ಕ, ಅಣ್ಣಂದಿರಿಗೆ ಶೇರ್ ಮಾಡಿ.

#ಆರ್‌ಕೆಲಕ್ಷ್ಮಣ್ #ಮೈಸೂರು #ಕನ್ನಡ #ಇತಿಹಾಸ