ಜೋಳಿಗೆಯಿಂದ ಮೊಬೈಲಿಗೆ

ಇಳಕಲ್ ಎಂದರೆ ನಮ್ಮಂಥ ಹೆಂಗಸರಿಗೆ ಮೊದಲು ನೆನಪಾಗುವುದು ಸೀರೆ. ಆದರೆ ಆ ಊರಿನಿಂದ ಹೊರಟ ಒಂದು ಜೋಳಿಗೆಯೂ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮಾನ ಕಾಯ್ದಿದೆ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಅದನ್ನು ಹೆಗಲಿಗೇರಿಸಿ ಊರೂರು ತಿರುಗತೊಡಗಿದರು. ಬೇಡಿದ್ದು ಜೋಳವನ್ನಲ್ಲ, ದುಡ್ಡನ್ನಲ್ಲ. ಕುಡಿತ, ಬೀಡಿ, ತಂಬಾಕು ಯಾವುದಿದ್ದರೂ ಆ ಚಟವನ್ನೇ ಭಿಕ್ಷೆ ಹಾಕಿರೆಂದು ಕೇಳಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಮನೆ ಬಾಗಿಲಿಗೆ ಬಂದು, ಎದುರು ನಿಂತು ಕೇಳುವುದು ಆ ಜೋಳಿಗೆಯ ಬಲ. ಚಟ ಹಚ್ಚುವವರೂ ಅಷ್ಟೇ ಹತ್ತಿರ ಬರಬಲ್ಲರು. ಸಿಗರೇಟಿನ ಜಾಹೀರಾತುಗಳನ್ನು 2003ರ ಕಾನೂನು ತಡೆಯಿತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳ ಬುದ್ಧಿವಂತಿಕೆ ನೋಡಿ, ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ! ಬಾಯಲ್ಲಿ ಎರಡೂ ಕೂಡಿದರೆ ಅದೇ ಗುಟ್ಕಾ.

ಗಾಂಜಾಕ್ಕೆ 1985ರಿಂದಲೇ ಕಠಿಣ ಕಾನೂನಿದೆ. ಆದರೂ ಮೊಬೈಲಿನ ರೀಲ್ಸಿನಲ್ಲಿ ಹೊಗೆ ಬಿಡುವವನೇ ಗಂಡುಗಲಿ. ಮುಂಡಗೋಡ ತಾಲ್ಲೂಕಿನ ನಮ್ಮ ಸನವಳ್ಳಿಯಲ್ಲೂ ಹೊಲಕ್ಕೆ ಹೋದ ಹುಡುಗನ ಕಿಸೆಯಲ್ಲಿ ಆ ಪೆಟ್ಟಿಗೆ ಇದ್ದೇ ಇರುತ್ತದೆ. ಹಾಗಾದರೆ ಅದೇ ಪೆಟ್ಟಿಗೆಯಲ್ಲಿ ಬೇಡ ಎಂದೂ ಹೇಳಬಹುದಲ್ಲ? ಬೆಂಗಳೂರು ನಗರ ಪೊಲೀಸರು ಕೆಲವು ವರ್ಷಗಳ ಹಿಂದೆ ಟ್ವಿಟರಿನಲ್ಲಿ ಸಿನಿಮಾ ಮಾತು, ತಮಾಷೆ ಚಿತ್ರಗಳಿಂದಲೇ ಈ ಕೆಲಸಕ್ಕೆ ಇಳಿದರು. ಪೊಲೀಸರು ನಗಿಸುತ್ತಾರೆಂದರೆ ಯಾರು ತಾನೇ ನೋಡುವುದಿಲ್ಲ?

ನೋಡಿದವರೆಲ್ಲ ಬಿಡುತ್ತಾರೆ ಅನ್ನುವಂತಿಲ್ಲ. ಅಮೆರಿಕ ಸರ್ಕಾರ 1998ರಿಂದ 2004ರವರೆಗೆ ಮಕ್ಕಳಿಗಾಗಿ ಸುಮಾರು ನೂರು ಕೋಟಿ ಡಾಲರಿನ ಪ್ರಚಾರ ನಡೆಸಿತು. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗಾಂಜಾ ಸೇದುವುದು ಅದರಿಂದ ಕಡಿಮೆಯಾಗಲಿಲ್ಲ. ಮತ್ತೆ ಮತ್ತೆ ಅದನ್ನೇ ನೋಡಿದ ಮಕ್ಕಳಿಗೆ, ಎಲ್ಲರೂ ಸೇದುತ್ತಾರೇನೋ ಎನಿಸಿರಬೇಕೆಂದು ಅಧ್ಯಯನ ಮಾಡಿದವರು ಊಹಿಸಿದರು.

ನಮ್ಮ ಸ್ವಸಹಾಯ ಸಂಘದ ಹುಡುಗಿಯೊಬ್ಬಳು ಒಂದು ವಿಡಿಯೋ ತಂದು, "ಯಕ್ಕಾ, ಇದನ್ನ ಗ್ರೂಪಿಗೆ ಹಾಕ್ಲೇನ್ರಿ?" ಎಂದಾಗ ನನಗೆ ಈ ಲೆಕ್ಕವೇ ನೆನಪಾಯಿತು. ಅಮಲಿನಲ್ಲಿ ಬಿದ್ದ ಹುಡುಗ, ಪಕ್ಕದಲ್ಲಿ ಸೂಜಿ. ಹೆದರಿಸಲೆಂದೇ ಮಾಡಿದ್ದು. ಆದರೆ ಹೇಗೆ ಚುಚ್ಚಿಕೊಳ್ಳಬೇಕೆಂಬ ಪಾಠವೂ ಅದರಲ್ಲಿತ್ತು. ಆ ಹುಡುಗನ ಮುಖವೂ ಸ್ಪಷ್ಟ. ಅವನಿಗೂ ಒಬ್ಬ ತಾಯಿ ಇದ್ದಾಳಲ್ಲ! ಬೇಡವೆಂದೆ.

ಅದರ ಬದಲು, ಕುಡಿತ ಬಿಟ್ಟ ನೆರೆಯವರೊಬ್ಬರನ್ನು ಕೇಳಿ, ಅವರು ಒಪ್ಪಿದ ಮೇಲೆ, ಅವರದೇ ಮಾತನ್ನು ಎರಡು ನಿಮಿಷ ಧ್ವನಿಮುದ್ರಿಸಿದೆವು. ಹೆಸರಿಲ್ಲ, ಮುಖವಿಲ್ಲ. ಮೊದಲ ವಾರ ಕೈ ನಡುಗಿದ್ದು, ಹೆಂಡತಿ ರಾತ್ರಿಯೆಲ್ಲ ಎದ್ದು ಕೂತದ್ದು, ಡಾಕ್ಟರರ ಬಳಿ ಹೋದದ್ದು, ಅಷ್ಟೇ. ಕೆಳಗೆ ಎರಡು ನಂಬರು ಬರೆದೆವು: ಚಟ ಬಿಡಲು ಸಲಹೆಗೆ 14446, ಮಾದಕ ವಸ್ತುಗಳ ಬಗ್ಗೆ ತಿಳಿಸಲು 2024ರಲ್ಲಿ ಶುರುವಾದ 1933.

ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ರಾತ್ರಿ ಹತ್ತರ ಮೇಲೆ ಸಂಘದ ಒಬ್ಬಾಕೆ ನನಗೊಬ್ಬಳಿಗೇ ಫೋನು ಮಾಡಿದಳು. "ಆ ಮೊದಲನೇ ನಂಬರಿನ್ಯಾಗ ಹೆಸರು ಕೇಳ್ತಾರೇನ್ರಿ ಅಕ್ಕಾರ?"