ಮುರ್ಡೇಶ್ವರದ ಹೊಯ್ಗಿ ಯಾರದ್ದ್?

ಈಗಿನ ಮಕ್ಳಿಗೆ ಮುರ್ಡೇಶ್ವರ ಅಂದ್ರೆ ದೊಡ್ಡ ಶಿವನ ಮೂರ್ತಿ, ಲಿಫ್ಟ್ ಇಪ್ಪು ಗೋಪುರ. ನಾವ್ ಸಣ್ಣಕ್ಕಿಪ್ಪತಿಗೆ ಅಲ್ಲಿ ಎರಡೂ ಇಲ್ಲ. ಕಂದುಕಗಿರಿ ಅಂಬ ಗುಡ್ಡೆ, ಮೂರು ಬದಿಗೂ ಕಡಲು, ಮೇಲೆ ದೇವಸ್ಥಾನ, ಕೆಳಗೆ ಮೀನುಗಾರರ ದೋಣಿ. ರಾವಣನ ಆತ್ಮಲಿಂಗ ಗೋಕರ್ಣದಲ್ಲಿ ಉಳಿದು, ಅದಕ್ಕೆ ಹೊದೆಸಿದ ಬಟ್ಟೆ ಬಂದು ಬಿದ್ದ ಜಾಗ ಇದು ಅಂದೇಳಿ ಅಜ್ಜಿ ಕಥೆ ಹೇಳ್ತಿದ್ರು. ಗೋಕರ್ಣಕ್ಕೆ ಹೋಪವರು ದಾರಿ ಮೇಲೆ ಇಲ್ಲೊಂದು ಕೈ ಮುಗಿದು ಹೋಪುದು, ಅಷ್ಟೇ.

ಊರಿನ ಚಂದ ಬದಲಾದ್ದು ಅಲ್ಲೇ ಹುಟ್ಟಿದ ಆರ್. ಎನ್. ಶೆಟ್ರಿಂದ. ಕಾಂಟ್ರಾಕ್ಟ್ ಕೆಲಸದಲ್ಲಿ ಮೇಲೆ ಬಂದ ಅವರು ದೇವಸ್ಥಾನದ ಜೀರ್ಣೋದ್ಧಾರ ಮಾಡಿಸಿದ್ರು, 123 ಅಡಿಯ ಶಿವನನ್ನು ಕೂರಿಸಿದ್ರು. 2008ರಲ್ಲಿ 237 ಅಡಿಯ ಗೋಪುರವೂ ಆಯ್ತು. ಆದ್ರೆ ನಂಗೆ ಕಾಂಬುದು, ಮೂರ್ತಿಯಷ್ಟೇ ಕೆಲಸ ರೈಲೂ ಮಾಡಿತ್ತು. 1998ರಲ್ಲಿ ಕೊಂಕಣ ರೈಲಿನ ದಾರಿ ಪೂರ್ತಿ ಆದ್ಮೇಲೆ ಮುಂಬೈಯವ್ರಿಗೂ ಇದು ಒಂದು ರಾತ್ರಿಯ ದೂರ.

ಜನ ಬಂದ್ರೆ ಕೆಲಸ ಬಂತು. ಮೀನ್ ಬುಟ್ಟಿ ಹೊತ್ತ ಮನಿಯ ಹೆಣ್ಮಕ್ಳು ಈಗ ಲಾಡ್ಜಿನಗೆ ಕೋಣೆ ಗುಡಿಸಿ ತಿಂಗಳ ಸಂಬಳ ಎಣಿಸ್ತ್ರು. ಕೈಯಲ್ಲಿ ಸ್ವಂತ ದುಡ್ಡು ಇಪ್ಪುದು ಸಣ್ಣ ವಿಷಯ ಅಲ್ಲ, ಅದು ನಿಮ್ಗೂ ಗೊತ್ತಿತ್ತ್. ಆದ್ರೆ ಮೀನ್ ಒಣಗಿಸುಕೆ ಬೇಕಾದ ಹೊಯ್ಗಿಯೇ ಪ್ರವಾಸಿಗರಿಗೆ ಕೂಕಂಬುಕೂ ಬೇಕು. ವಾಸನೆ ಅಂದೇಳಿ ಮೂಗು ಮುಚ್ಚಿ ಹೋಪವರೇ ರಾತ್ರಿ ಹೋಟ್ಲಿನಗೆ ಬಂಗುಡೆ ಫ್ರೈ ಕೇಳುದು ಮರಾಯ್ತಿ!

ಮಳಿಗಾಲದ ಕಥೆ ಬೇರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುಕಿಲ್ಲ. ಅದೇ ಸಮಯಕ್ಕೆ ಕಡಲಾಟಕ್ಕೆ ಬಪ್ಪವರೂ ಇಲ್ಲ, ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗೂ ಬಂದ್. ಗಂಡನದ್ದು ದೋಣಿ, ಹೆಂಡ್ತಿದ್ದು ತೀರದ ಬದಿಯ ಅಂಗಡಿ ಆದ್ರೆ ಎರಡು ಸಂಪಾದನೆಯೂ ಒಟ್ಟಿಗೇ ನಿಲ್ಲುದು. ಪ್ರವಾಸೋದ್ಯಮ ಮೀನುಗಾರರ ಕಷ್ಟಕಾಲಕ್ಕೆ ಆಸರೆ ಅಂದೇಳಿ ಭಾಷಣ ಮಾಡುವವರು ಈ ಲೆಕ್ಕ ಹಾಕುದಿಲ್ಲ.

2024ರ ಡಿಸೆಂಬರ್‌ನಲ್ಲಿ ಆದ್ದು ಮಾತ್ರ ಮಳೆಯಂತೆ ಹೇಳಿ ಬಂದದ್ದಲ್ಲ. ಮುಳಬಾಗಿಲು ಬದಿಯ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಮಕ್ಳು ಇಲ್ಲಿ ಕಡಲಿನಗೆ ಮುಳುಗಿ ತೀರಿಕೊಂಡ್ರು. ಕೂಡ್ಲೇ ತೀರ ಬಂದ್ ಆಯ್ತು. ಶಾಲೆ ಪ್ರವಾಸದ ಕಾಲ, ವರ್ಷದ ದುಡಿಮೆ ಆಪು ತಿಂಗಳು. ಬಂದ್ ಮಾಡಿದ್ದು ಸರಿಯೇ. ಆದ್ರೆ ತೀರವನ್ನೇ ನಂಬಿದ ಚರುಮುರಿ ಗಾಡಿಯವಳಿಗೆ ಆ ದಿನಗಳ ಬಾಡಿಗೆ, ಸಾಲದ ಕಂತು ಯಾರು ಕೊಡುದು?

ನಮ್ ಬದಿಯ ಮಕ್ಳಿಗೆ ಅಲೆ ವಾಪಸ್ ಹೋಪತಿಗೆ ಕಾಲಡಿಯ ಹೊಯ್ಗಿ ಎಳೆವುದು ಗೊತ್ತಿತ್ತ್. ಕಡಲನ್ನು ಮೊದಲ ಸಲ ಕಾಂಬ ಬಯಲುಸೀಮೆಯ ಮಕ್ಳಿಗೆ ಎಲ್ಲಿಂದ ಗೊತ್ತಾಪುದು? ಯಾವ ಜಾಗದಲ್ಲಿ ಎಳೆತ ಹೆಚ್ಚು ಅಂದೇಳಿ ಹೇಳ್ಕಾದ್ರೆ ಅಲ್ಲೇ ದೋಣಿ ಎಳೆಯುವವರೇ ಸರಿ. ಜೀವರಕ್ಷಕರ ಕೆಲಸ ಅವರ ಮನೆ ಹುಡುಗ್ರಿಗೆ ವರ್ಷವಿಡೀ ಸಂಬಳಕ್ಕೆ ಸಿಕ್ಕಿದ್ರೆ ಮಳಿಗಾಲದ ಒಲೆಯೂ ಉರಿಯುತ್ತಿತ್ತು.

ಈ ಸಲ ಘಟ್ಟದ ಮೇಲಿನ ನೆಂಟರು ಬಂದ್ರೆ ಮುರ್ಡೇಶ್ವರಕ್ಕೆ ಕರ್ಕಂಡ್ ಹೋಯ್ನಿ. ನೀರಿಗಿಳಿಯುಕ್ ಮೊದ್ಲು ದೋಣಿ ಹತ್ರ ಬಲೆ ಹೊಲಿತಾ ಕೂತವ್ರನ್ನ ಒಂದ್ ಮಾತ್ ಕೇಣಿ. ಒಣಮೀನ್ ಕಂಡ್ರೆ ನಂಗೂ ಒಂದು ಕಟ್ಟು ತನ್ನಿ.